ಹೋಟೆಲಿನ ಪಾಯಿಂಟು ಯಾರ ಸೊತ್ತು?

2002ರ ಜುಲೈ 31ರಂದು ಬರ್ಲಿನ್ ರಾಜ್ಯ ಸರ್ಕಾರದ ಆರ್ಥಿಕ ವ್ಯವಹಾರಗಳ ಸಚಿವ ಗ್ರೆಗೋರ್ ಗೀಸಿ ರಾಜೀನಾಮೆ ಕೊಟ್ಟರು. ಅಧಿಕಾರಕ್ಕೆ ಬಂದು ಏಳೆಂಟು ತಿಂಗಳೂ ಆಗಿರಲಿಲ್ಲ. ಲಂಚದ ಆರೋಪವಿರಲಿಲ್ಲ, ಗುತ್ತಿಗೆ ಹಗರಣವೂ ಇರಲಿಲ್ಲ. ಹಿಂದೆ ಸಂಸತ್ ಸದಸ್ಯರಾಗಿದ್ದಾಗ ಸರ್ಕಾರದ ಖರ್ಚಿನಲ್ಲಿ ಮಾಡಿದ್ದ ವಿಮಾನ ಪ್ರಯಾಣಗಳಿಂದ ಅವರ ಲುಫ್ತಾನ್ಸಾ ಖಾತೆಯಲ್ಲಿ ಬೋನಸ್ ಮೈಲುಗಳು ಕೂಡಿದ್ದವು. ಅವನ್ನು ಸ್ವಂತ ಪ್ರಯಾಣಕ್ಕೆ ಬಳಸಿಕೊಂಡಿದ್ದರು, ಅಷ್ಟೇ. ಅದೇ ತಿಂಗಳು ಇದೇ ಗಲಾಟೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬರು ಗ್ರೀನ್ ಪಕ್ಷದ ಜೆಮ್ ಓಜ್ದೆಮಿರ್. ಅವರೂ ಪಕ್ಷದ ಹೊಣೆ ಬಿಟ್ಟು ಹಿಂದೆ ಸರಿದರು. ಇಪ್ಪತ್ತು ವರ್ಷಗಳ ನಂತರ ಅವರು ಜರ್ಮನಿಯ ಕೃಷಿ ಮಂತ್ರಿಯಾದದ್ದು ಬೇರೆ ಕಥೆ.

ಇದಕ್ಕೆ ಏಳು ತಿಂಗಳು ಮೊದಲು, 2001ರ ಡಿಸೆಂಬರಿನಲ್ಲಿ, ಅಮೆರಿಕ ಸರ್ಕಾರ ಸರಿಯಾಗಿ ಇದರ ತಿರುವುಮುರುವು ಮಾಡಿತ್ತು. ಅಲ್ಲಿಯವರೆಗೆ ಕೇಂದ್ರ ಸರ್ಕಾರದ ನೌಕರರು ಕಚೇರಿ ಕೆಲಸದ ಪ್ರಯಾಣದಲ್ಲಿ ಗಳಿಸಿದ ಮೈಲು, ಪಾಯಿಂಟು ಎಲ್ಲವೂ ಸರ್ಕಾರದ್ದೇ ಆಗಿತ್ತು. ಹೊಸ ಕಾನೂನು ಬಂದು, ಅದನ್ನು ನೀವೇ ಇಟ್ಟುಕೊಳ್ಳಿ ಎಂದಿತು. ನಮ್ಮ ದೇಶದಲ್ಲಿ ಹಣಕಾಸು ಸಚಿವಾಲಯದ ನಿಯಮ ಇಂದಿಗೂ ಜರ್ಮನಿಯ ದಾರಿಯಲ್ಲೇ ಇದೆ: ಸರ್ಕಾರಿ ಟಿಕೆಟಿನಿಂದ ಬಂದ ಮೈಲುಗಳು ಇಲಾಖೆಯ ಮುಂದಿನ ಪ್ರಯಾಣಕ್ಕೇ ಸಲ್ಲಬೇಕು. ದೆಹಲಿಯಲ್ಲಿ ಸರ್ಕಾರಿ ಕೆಲಸದಲ್ಲಿರುವ ಓದುಗರಿಗೆ ಈ ಆದೇಶ ಗೊತ್ತೇ ಇರುತ್ತದೆ. ಖಾಸಗಿ ಕಂಪನಿಗಳ ವಿಚಾರ ಮಾತ್ರ ಮೌನದಲ್ಲೇ ತೀರ್ಮಾನವಾಗಿಬಿಟ್ಟಿದೆ. ಬಿಲ್ಲು ಕಂಪನಿಗೆ, ಪಾಯಿಂಟು ನೌಕರನಿಗೆ. ಐಷಾರಾಮಿ ಹೋಟೆಲುಗಳ ಇವತ್ತಿನ ವ್ಯಾಪಾರ ನಿಂತಿರುವುದು ಬಹುಪಾಲು ಈ ಮೌನದ ಮೇಲೆ ಎಂದು ನನಗನ್ನಿಸುತ್ತದೆ.

ಪದೇ ಪದೇ ಬರುವವನಿಗೆ ಸ್ವಲ್ಪ ಹೆಚ್ಚು ಬಡಿಸುವುದು ವ್ಯಾಪಾರದಷ್ಟೇ ಹಳೆಯದು. ಖಾನಾವಳಿಯಲ್ಲಿ ತಿಂಗಳ ಕೂಪನ್ ಪುಸ್ತಕ ಕೊಂಡವನಿಗೆ ಮಾಲೀಕ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿಸುತ್ತಾನೆ. ಆ ಲೆಕ್ಕ ಇರುವುದು ಅವನ ತಲೆಯಲ್ಲಿ. ದೊಡ್ಡ ಹೋಟೆಲುಗಳೂ ಬಹುಕಾಲ ಹೀಗೇ ನಡೆದವು. 1898ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೆಸರಿನ ಹೋಟೆಲು ತೆರೆದ ಸೆಸಾರ್ ರಿಟ್ಜ್ ತನ್ನ ಅತಿಥಿಗಳ ಇಷ್ಟಾನಿಷ್ಟಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ. 1903ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ ಬಾಗಿಲು ತೆರೆದ ತಾಜ್ ಮಹಲ್ ಹೋಟೆಲು ಇರಲಿ, ಬೆಂಗಳೂರಿನ ವೆಸ್ಟ್ ಎಂಡ್ ಇರಲಿ, ಅಲ್ಲೆಲ್ಲ ಗುರುತು ಹಿಡಿಯುವ ಕೆಲಸ ಬಾಗಿಲು ಕಾಯುವವನದು, ರಿಸೆಪ್ಷನಿನವನದು, ಹಳೇ ಬೇರರನದು. ಈ ಪದ್ಧತಿಯನ್ನು ಹೊಗಳುವ ಮುನ್ನ ಒಂದು ಮಾತು ನೆನಪಿಡಬೇಕು. ನೆನಪಿನಲ್ಲಿ ಉಳಿಯುತ್ತಿದ್ದವರು ರಾಜರು, ಸಾಹೇಬರು, ಮಿಲ್ಲಿನ ಧಣಿಗಳು. ತಾಜ್‌ಗೆ ಮೊದಲು ಮುಂಬಯಿಯ ಹೆಸರಾಂತ ಹೋಟೆಲಾಗಿದ್ದ ವಾಟ್ಸನ್ಸ್‌ಗೆ ಭಾರತೀಯರಿಗೆ ಪ್ರವೇಶವೇ ಇರಲಿಲ್ಲ. ಕಾರ್ಡಿನ ಕಾಲ ಬಂದಮೇಲೆ ಗುರುತು ಸಿಗಲು ಮನೆತನ ಬೇಕಾಗಲಿಲ್ಲ, ರಾತ್ರಿಗಳ ಲೆಕ್ಕ ಸಾಕಾಯಿತು. ಇದು ಸಣ್ಣ ಬದಲಾವಣೆಯೇನಲ್ಲ.

ಲೆಕ್ಕವಿಡುವ ಪದ್ಧತಿ ಬಂದದ್ದು ಹೋಟೆಲುಗಳಿಂದಲ್ಲ, ದಿನಸಿ ಅಂಗಡಿಗಳಿಂದ. ಅಮೆರಿಕದ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ 1896ರಲ್ಲಿ ಹಸಿರು ಸ್ಟಾಂಪುಗಳನ್ನು ಶುರು ಮಾಡಿತು. ಸಾಮಾನು ಕೊಂಡಷ್ಟೂ ಸ್ಟಾಂಪು ಸಿಗುತ್ತಿತ್ತು. ಅದನ್ನು ಪುಸ್ತಕಕ್ಕೆ ಅಂಟಿಸುವುದು, ಪುಸ್ತಕ ತುಂಬಿದರೆ ಟೋಸ್ಟರೋ ದೀಪವೋ ತರುವುದು. ಇದರ ಚಮತ್ಕಾರ ಇರುವುದು ಅಂಟಿಸುವುದರಲ್ಲೇ. ಅರ್ಧ ತುಂಬಿದ ಪುಸ್ತಕವನ್ನು ಯಾರೂ ಎಸೆಯುವುದಿಲ್ಲ, ಬೇರೆ ಅಂಗಡಿಗೂ ಹೋಗುವುದಿಲ್ಲ.

1978ರಲ್ಲಿ ಅಮೆರಿಕ ಸರ್ಕಾರ ವಿಮಾನ ದರಗಳ ಮೇಲಿನ ಹಿಡಿತ ಬಿಟ್ಟಿತು. ದರಯುದ್ಧ ಶುರುವಾಯಿತು. ಎಲ್ಲರ ಸೀಟೂ ಒಂದೇ, ಎಲ್ಲರ ಕಾಫಿಯೂ ಅಷ್ಟೇ ಕೆಟ್ಟದ್ದು. ಹಾಗಿದ್ದರೆ ಪ್ರಯಾಣಿಕ ನಮ್ಮಲ್ಲೇ ಯಾಕೆ ಬರಬೇಕು? ಅಮೆರಿಕನ್ ಏರ್‌ಲೈನ್ಸಿನವರು ತಮ್ಮ ಸೇಬರ್ ಕಂಪ್ಯೂಟರಿನಲ್ಲಿ ಬುಕಿಂಗ್‌ಗಳನ್ನು ಜಾಲಾಡಿ, ಪದೇ ಪದೇ ಬರುವ ಫೋನ್ ನಂಬರುಗಳನ್ನು ಹೆಕ್ಕಿ ತೆಗೆದರು. 1981ರ ಮೇ 1ರಂದು ಅವರ ಅಡ್ವಾಂಟೇಜ್ ಯೋಜನೆ ಶುರುವಾಯಿತು. ಒಂದು ವಾರ ತುಂಬುವ ಮೊದಲೇ ಯುನೈಟೆಡ್ ಏರ್‌ಲೈನ್ಸ್ ತನ್ನದನ್ನೂ ಹೊರಡಿಸಿತು. ಹೋಟೆಲುಗಳು ಎರಡು ವರ್ಷ ನೋಡಿಕೊಂಡಿದ್ದು 1983ರಲ್ಲಿ ಕಣಕ್ಕಿಳಿದವು. ಹಾಲಿಡೇ ಇನ್ ಪ್ರಯಾರಿಟಿ ಕ್ಲಬ್ ತಂದಿತು, ಅದೇ ವರ್ಷ ಮ್ಯಾರಿಯಟ್ ತನ್ನ ಯೋಜನೆ ತಂದಿತು. 1987ರಲ್ಲಿ ಹಿಲ್ಟನ್ ಮತ್ತು ಹಯಾತ್ ಸೇರಿದವು.

ಆಗಿನ ಯೋಜನೆಗಳಲ್ಲಿ ಒಂದು ಕೊಕ್ಕೆ ಇತ್ತು. ಹೋಟೆಲು ತುಂಬುವ ದಿನಗಳಲ್ಲಿ, ಅಂದರೆ ನಮಗೆ ನಿಜವಾಗಿ ಕೋಣೆ ಬೇಕಾದ ದಿನಗಳಲ್ಲಿ, ಪಾಯಿಂಟು ನಡೆಯುತ್ತಿರಲಿಲ್ಲ. ಹಬ್ಬದ ದಿನ ಬಾಗಿಲು ಹಾಕಿದ ಮಿಠಾಯಿ ಅಂಗಡಿಯ ಹಾಗೆ. 1999ರಲ್ಲಿ ಸ್ಟಾರ್‌ವುಡ್ ಎಂಬ ಹೊಸ ಕಂಪನಿ ಈ ಕೊಕ್ಕೆಯನ್ನೇ ಕಿತ್ತುಹಾಕಿತು. ಅದು ಒಂದು ವರ್ಷ ಮೊದಲಷ್ಟೇ ವೆಸ್ಟಿನ್ ಮತ್ತು ಶೆರಟನ್ ಹೋಟೆಲುಗಳನ್ನು ಕೊಂಡಿತ್ತು. ಸಾಧಾರಣ ಕೋಣೆ ಖಾಲಿಯಿದ್ದರೆ ಪಾಯಿಂಟಿಗೂ ಸಿಗಬೇಕು, ನಿಷೇಧದ ದಿನಗಳಿಲ್ಲ ಎಂದಿತು. ಮುಂದೆ ಇದೇ ಯೋಜನೆಯ ಪ್ಲಾಟಿನಂ ಸದಸ್ಯರಿಗೆ ಸಂಜೆ 4 ಗಂಟೆಯವರೆಗೆ ಕೋಣೆ ಇಟ್ಟುಕೊಳ್ಳುವ ಸೌಲಭ್ಯ, ಸಿಕ್ಕರೆ ಸ್ವೀಟ್ ಸೇರಿದವು. ಭಾರತದ ಓದುಗರಿಗೆ ಇದು ದೂರದ ಮಾತಲ್ಲ. 1975ರ ಅಕ್ಟೋಬರಿನಲ್ಲಿ ಚೆನ್ನೈನಲ್ಲಿ ಚೋಳ ಹೋಟೆಲಿನಿಂದ ಈ ವ್ಯಾಪಾರಕ್ಕೆ ಇಳಿದ ಐಟಿಸಿ ಬಹುಕಾಲ ಶೆರಟನ್ ಜೊತೆಗಿತ್ತು. 2007ರಿಂದ ಅದರ ದೊಡ್ಡ ಹೋಟೆಲುಗಳು ಸ್ಟಾರ್‌ವುಡ್ಡಿನ ಲಕ್ಷುರಿ ಕಲೆಕ್ಷನ್ ಹೆಸರಿಗೆ ಸೇರಿದವು. ಹಾಗಾಗಿ ಬೆಂಗಳೂರಿನ ವಿಂಡ್ಸರ್, ದೆಹಲಿಯ ಮೌರ್ಯ, ಮುಂಬಯಿಯ ಮರಾಠಾ, ಹೈದರಾಬಾದಿನ ಕಾಕತೀಯದಲ್ಲಿ ಕಂಪನಿ ಖರ್ಚಿನಲ್ಲಿ ಮಲಗಿ ಎದ್ದವರು ಆ ಪಾಯಿಂಟಿನಲ್ಲಿ ಹೆಂಡತಿ ಮಕ್ಕಳನ್ನು ಬೇರೆ ದೇಶದ ಹೋಟೆಲಿಗೆ ಕರೆದೊಯ್ಯಬಹುದಾಗಿತ್ತು. ಐಟಿ ಕಂಪನಿಗಳ ಒಂದು ಇಡೀ ತಲೆಮಾರು ಈ ವಿದ್ಯೆ ಕಲಿತದ್ದು ಹೀಗೆ.

ಆ ಹೊತ್ತಿಗೆ ಹೋಟೆಲುಗಳಿಗೆ ಇನ್ನೊಂದು ಶತ್ರು ಹುಟ್ಟಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ಕೋಣೆಗಳು ಖಾಲಿ ಬಿದ್ದಾಗ ಹೋಟೆಲುಗಳೇ ಎಕ್ಸ್‌ಪೀಡಿಯಾದಂಥ ಬುಕಿಂಗ್ ತಾಣಗಳ ಕೈ ಹಿಡಿದಿದ್ದವು. ಆಮೇಲೆ ಅವುಗಳ ಕಮಿಷನ್ ಕುತ್ತಿಗೆಗೆ ಬಂತು. ಮದ್ದು ಸಿಕ್ಕಿದ್ದು ಮತ್ತೆ ಪಾಯಿಂಟಿನಲ್ಲೇ. ನಮ್ಮ ಆ್ಯಪಿನಲ್ಲೇ ಬುಕ್ ಮಾಡಿದರೆ ಮಾತ್ರ ಪಾಯಿಂಟು, ಮಾತ್ರ ರಾತ್ರಿಗಳ ಲೆಕ್ಕ. ಅಗ್ಗ ಸಿಕ್ಕಿತೆಂದು ಬೇರೆ ತಾಣದಲ್ಲಿ ಬುಕ್ ಮಾಡಿ ಬಂದವರು ಕೌಂಟರಿನಲ್ಲಿ ಗೋಲ್ಡ್ ಕಾರ್ಡ್ ತೋರಿಸಿ ಪೆಚ್ಚಾಗುವುದು ಈ ಕಾರಣಕ್ಕೆ.

2016ರ ಸೆಪ್ಟೆಂಬರಿನಲ್ಲಿ ಮ್ಯಾರಿಯಟ್ ಸುಮಾರು 1,300 ಕೋಟಿ ಡಾಲರಿಗೆ ಸ್ಟಾರ್‌ವುಡ್ಡನ್ನು ಕೊಂಡಿತು. ಕಟ್ಟಡಗಳಿಗಾಗಿ ಅಲ್ಲ, ಅವು ಬಹುಪಾಲು ಬೇರೆಯವರವು. ಕೊಂಡದ್ದು ಹೆಸರುಗಳನ್ನು, ಜೊತೆಗೆ ಆ ನಿಷ್ಠಾವಂತ ಸದಸ್ಯರ ಪಟ್ಟಿಯನ್ನು. ಪಟ್ಟಿಯೊಂದಿಗೆ ಇನ್ನೇನು ಬಂತೆಂಬುದು ಎರಡು ವರ್ಷ ಕಳೆದ ಮೇಲೆ ಹೊರಬಿತ್ತು. ಸ್ಟಾರ್‌ವುಡ್ಡಿನ ಬುಕಿಂಗ್ ದಾಖಲೆಗಳೊಳಗೆ 2014ರಿಂದಲೇ ಕಳ್ಳರು ಕೂತಿದ್ದರು. 2018ರ ನವೆಂಬರ್ 30ರಂದು ಮ್ಯಾರಿಯಟ್ 50 ಕೋಟಿ ಅತಿಥಿಗಳವರೆಗೆ ಮಾಹಿತಿ ಸೋರಿರಬಹುದು ಎಂದಿತು, ಮುಂದೆ ಅದನ್ನು ಸುಮಾರು 38 ಕೋಟಿ ದಾಖಲೆಗಳೆಂದು ತಿದ್ದಿತು. ಗುಪ್ತಲಿಪಿಯ ರಕ್ಷಣೆಯಿಲ್ಲದ 50 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ನಂಬರುಗಳು ಅದರಲ್ಲಿದ್ದವು. ಬ್ರಿಟನ್ನಿನ ಮಾಹಿತಿ ಆಯುಕ್ತರು 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿದರು. ಹಳೇ ಬೇರರನಿಗೆ ನಮ್ಮ ಬಗ್ಗೆ ಎಷ್ಟೇ ಗೊತ್ತಿದ್ದರೂ ಅವನ ತಲೆಯನ್ನು ಯಾರೂ ನಕಲು ಮಾಡಿಕೊಂಡು ಹೋಗುವಂತಿರಲಿಲ್ಲ.

2019ರ ಫೆಬ್ರುವರಿಯಲ್ಲಿ ಎಲ್ಲ ಯೋಜನೆಗಳೂ ಸೇರಿ ಬಾನ್‌ವಾಯ್ ಎಂಬ ಹೆಸರು ಪಡೆದವು. ಈಗ ಹೋಟೆಲ್ ಕೌಂಟರಿನ ಹಿಂದಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಇದು ತಿಳಿದರೆ ಮುಂದೆಂದೂ ರಿಸೆಪ್ಷನಿನ ಹುಡುಗಿಯ ಮೇಲೆ ಸಿಟ್ಟು ಬರುವುದಿಲ್ಲ.

ಮುಂಬಯಿ ವಿಮಾನ ನಿಲ್ದಾಣದ ಬಳಿಯ ಜೆಡಬ್ಲ್ಯೂ ಮ್ಯಾರಿಯಟ್ ಸಹಾರ್, ವೈಟ್‌ಫೀಲ್ಡಿನ ಮ್ಯಾರಿಯಟ್, ಎರಡರ ಮಾಲೀಕರೂ ಶಾಲೆ ಹೋಟೆಲ್ಸ್ ಎಂಬ ಭಾರತೀಯ ಕಂಪನಿ. ಹೆಸರು ಮತ್ತು ಆಡಳಿತ ಮ್ಯಾರಿಯಟ್ಟಿನದು. ಇಂಥ ವ್ಯವಸ್ಥೆಯಲ್ಲಿ ಸದಸ್ಯನೊಬ್ಬ ದುಡ್ಡು ಕೊಟ್ಟು ತಂಗಿದಾಗಲೆಲ್ಲ ಬಿಲ್ಲಿನ ಒಂದು ಪಾಲು ಮಾಲೀಕನ ಕೈಯಿಂದ ಯೋಜನೆಯ ನಿಧಿಗೆ ಹೋಗುತ್ತದೆ. ಯಾರಾದರೂ ಪಾಯಿಂಟಿನ ಮೇಲೆ ತಂಗಿದರೆ ಆ ನಿಧಿಯಿಂದ ಮಾಲೀಕನಿಗೆ ದುಡ್ಡು ವಾಪಸು ಬರುತ್ತದೆ. ಆದರೆ ಎಷ್ಟು ಎಂಬುದು ಹೋಟೆಲು ಎಷ್ಟು ತುಂಬಿದೆ ಎಂಬುದರ ಮೇಲೆ ನಿಂತಿದೆ. ಬಹುತೇಕ ತುಂಬಿದ್ದರೆ ಆ ದಿನದ ಸರಾಸರಿ ಬಾಡಿಗೆಗೆ ಹತ್ತಿರದ ಮೊತ್ತ. ಖಾಲಿಯಿದ್ದರೆ ಕೋಣೆ ಗುಡಿಸಿ ಒರೆಸಿ ಹಾಸಿಗೆ ಹಾಸುವ ಖರ್ಚಿಗಿಂತ ತುಸು ಹೆಚ್ಚು. ಖಾಲಿ ಬಿದ್ದ ಸ್ವೀಟನ್ನು ಪ್ಲಾಟಿನಂ ಅತಿಥಿಗೆ ಕೊಟ್ಟರೆ ಮಾಲೀಕನಿಗೆ ನಷ್ಟ ಕಡಿಮೆ. ಬೆಳಗಿನ ತಿಂಡಿ ಹಾಗಲ್ಲ, ಪ್ರತಿ ತಟ್ಟೆಗೂ ಖರ್ಚಿದೆ. ಲಾಂಜಿನ ಸಂಜೆಯ ಪಾನೀಯಗಳಿಗಂತೂ ಇನ್ನೂ. ಸೌಲಭ್ಯದ ಮಾತು ಕೊಡುವವರು ಅಮೆರಿಕದ ಕಚೇರಿಯಲ್ಲಿ, ತಿಂಡಿಯ ಬಿಲ್ಲು ಕಟ್ಟುವವರು ಇಲ್ಲಿ. ನಿಯಮ ಪುಸ್ತಕದಲ್ಲಿ ಅಷ್ಟೊಂದು ವಿನಾಯಿತಿಗಳು ತುಂಬಿರುವುದಕ್ಕೆ ಈ ಎಳೆದಾಟವೇ ಕಾರಣ. ವರ್ಷಕ್ಕೆ 50 ರಾತ್ರಿ ತಂಗಿ ಪ್ಲಾಟಿನಂ ಆದವರಿಗೆ ಜೆಡಬ್ಲ್ಯೂ ಮ್ಯಾರಿಯಟ್ಟಿನಲ್ಲಿ ಲಾಂಜ್ ತೆರೆದಿರುತ್ತದೆ. ಅದೇ ಕಂಪನಿಯ ಹೆಚ್ಚು ದುಬಾರಿಯ ರಿಟ್ಜ್ ಕಾರ್ಲ್‌ಟನ್ನಿನಲ್ಲಿ ಲಾಂಜೂ ಇಲ್ಲ, ತಿಂಡಿಯೂ ಇಲ್ಲ. ಮೇಲೇರಿದಷ್ಟೂ ಕೊಡುಗೆ ಕಡಿಮೆ. ಅಲ್ಲಿಗೆ ಬರುವವರು ಪುಕ್ಕಟೆ ಇಡ್ಲಿಗಾಗಿ ಬರುವುದಿಲ್ಲವೆಂಬ ನಂಬಿಕೆ ಇರಬೇಕು. ನನಗೆ ಆ ನಂಬಿಕೆ ಇಲ್ಲ.

ನಿಧಿಯೆಂದೆ. ಅದು ಎಷ್ಟು ದೊಡ್ಡದೆಂಬುದು 2020ರಲ್ಲಿ ಕಂಡಿತು. ಕೊರೊನಾ ಬಂದು ಜಗತ್ತಿನ ಹೋಟೆಲುಗಳೆಲ್ಲ ಖಾಲಿಯಾಗಿ, ಕೋಣೆಗಳನ್ನು ಯಾರೂ ಕೇಳದಿದ್ದಾಗಲೂ ಪಾಯಿಂಟುಗಳಿಗೆ ಗಿರಾಕಿ ಇತ್ತು. ಹಿಲ್ಟನ್ ತನ್ನ ಪಾಯಿಂಟುಗಳನ್ನು ಅಮೆರಿಕನ್ ಎಕ್ಸ್‌ಪ್ರೆಸ್‌ಗೆ ಮುಂಗಡವಾಗಿ ಮಾರಿ 100 ಕೋಟಿ ಡಾಲರ್ ಎತ್ತಿತು. ಮ್ಯಾರಿಯಟ್ ತನ್ನ ಎರಡು ಕ್ರೆಡಿಟ್ ಕಾರ್ಡ್ ಪಾಲುದಾರರಿಂದ 92 ಕೋಟಿ ಡಾಲರ್ ಪಡೆಯಿತು. ಇನ್ನೂ ಯಾರೂ ಮಲಗದ ರಾತ್ರಿಗಳನ್ನು, ಇನ್ನೂ ಗಳಿಸದ ಅಂಕಗಳ ರೂಪದಲ್ಲಿ ಮಾರಿದಂತಾಯಿತು. ನಮ್ಮ ಖಾತೆಯಲ್ಲಿ ಕೂತಿರುವ ಪಾಯಿಂಟು ಕಂಪನಿಯ ಲೆಕ್ಕದಲ್ಲಿ ಸಾಲ. ಮ್ಯಾರಿಯಟ್ಟಿನ ಪುಸ್ತಕದಲ್ಲಿ ಆ ಸಾಲ 600 ಕೋಟಿ ಡಾಲರಿಗೂ ಮೇಲಿದೆ. ಸಾಲಗಾರನೇ ನಾಣ್ಯ ಟಂಕಿಸುವವನೂ ಆಗಿದ್ದರೆ ಏನಾಗುತ್ತದೋ ಅದೇ ಆಯಿತು. ಯಾವ ಹೋಟೆಲಿಗೆ ಎಷ್ಟು ಪಾಯಿಂಟು ಎಂದು ಅಚ್ಚು ಹಾಕಿಟ್ಟ ಪಟ್ಟಿಯನ್ನು ಹಿಲ್ಟನ್ 2017ರಲ್ಲಿ ತೆಗೆದುಹಾಕಿತು, ಮ್ಯಾರಿಯಟ್ 2022ರಲ್ಲಿ. ಈಗ ಬೆಲೆ ದಿನಕ್ಕೊಂದು. ಮಗಳ ಮದುವೆಯ ನಂತರ ಹೋಗೋಣವೆಂದು ಹತ್ತು ವರ್ಷ ಪಾಯಿಂಟು ಕೂಡಿಟ್ಟವರು ಮೊದಲ ಸಾಲಿನಲ್ಲಿ ಏಟು ತಿಂದರು. ಆದ್ದರಿಂದ ಕೂಡಿಡುವ ಅಭ್ಯಾಸದವರಿಗೆ ನನ್ನದೊಂದೇ ಸಲಹೆ: ಇದು ಚಿನ್ನವಲ್ಲ, ಹಾಲು.

ಭಾರತದಲ್ಲಿ ಇದೇ ದಾರಿ ಬೇರೆ ತಿರುವು ತೆಗೆದುಕೊಂಡಿತು. 2022ರ ಏಪ್ರಿಲ್ 7ರಂದು ಟಾಟಾ ನ್ಯೂ ಆ್ಯಪ್ ಬಂದಾಗ ತಾಜ್ ಹೋಟೆಲಿನ ಪಾಯಿಂಟುಗಳು ನ್ಯೂಕಾಯಿನ್ ಆದವು. ಒಂದು ಕಾಯಿನ್‌ಗೆ ಒಂದು ರೂಪಾಯಿ. ತಾಜ್‌ನಲ್ಲಿ ಮಲಗಿದ ಪುಣ್ಯ ಈಗ ಬೆಂಗಳೂರಿನಲ್ಲೇ ಹುಟ್ಟಿದ ಬಿಗ್‌ಬಾಸ್ಕೆಟ್‌ನಲ್ಲಿ ತೊಗರಿಬೇಳೆಯಾಗುತ್ತದೆ. ಹಸಿರು ಸ್ಟಾಂಪು ದಿನಸಿ ಅಂಗಡಿಯಿಂದ ಹೊರಟು ಅರಮನೆಗಳನ್ನೆಲ್ಲ ಸುತ್ತಿ ಮತ್ತೆ ದಿನಸಿ ಅಂಗಡಿಗೇ ಬಂತು. 2023ರ ಆಗಸ್ಟಿನಲ್ಲಿ ಮ್ಯಾರಿಯಟ್ ಮತ್ತು ಎಚ್‌ಡಿಎಫ್‌ಸಿ ಬ್ಯಾಂಕ್ ಸೇರಿ ಹೋಟೆಲ್ ಕ್ರೆಡಿಟ್ ಕಾರ್ಡ್ ತಂದವು. ವಾರ್ಷಿಕ ಶುಲ್ಕ ಕಟ್ಟಿದವರಿಗೆ ಒಂದು ರಾತ್ರಿಯೂ ತಂಗದೆ ಸಿಲ್ವರ್ ಪಟ್ಟ ಸಿಗುತ್ತದೆ. ರಾತ್ರಿಗಳ ಲೆಕ್ಕದಿಂದ ಬಂದ ಮರ್ಯಾದೆ ಹೀಗೆ ಮತ್ತೆ ದುಡ್ಡಿನ ಲೆಕ್ಕಕ್ಕೆ ಜಾರುತ್ತಿದೆ. ಲಾಂಜುಗಳು ಯಾಕಿಷ್ಟು ಗಿಜಿಗುಡುತ್ತಿವೆ ಎಂದು ಹಳೇ ಸದಸ್ಯರು ಗೊಣಗುವುದನ್ನು ನೀವೂ ಕೇಳಿರುತ್ತೀರಿ.

ಸಂಜೆ 4ರ ಸೌಲಭ್ಯವೊಂದು ಉಳಿಯಿತು. ಸ್ಟಾರ್‌ವುಡ್ ಬಿಟ್ಟುಹೋದ ಆಸ್ತಿಗಳಲ್ಲಿ ಸದಸ್ಯರು ಅತಿ ಹೆಚ್ಚು ಪ್ರೀತಿಸುವುದು ಇದನ್ನೇ. ರಾತ್ರಿ ವಿಮಾನವಿದ್ದವರಿಗೆ ಒಳ್ಳೆಯ ಅನುಕೂಲ, ಕಂಪನಿಗೆ ನೇರ ಖರ್ಚಿಲ್ಲ. ಹೊಸ ಅತಿಥಿಗೆ ಕೋಣೆ ಕೊಡುವ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನ 3. ಹನ್ನೆರಡಕ್ಕೆ ಖಾಲಿಯಾಗುವ ಕೋಣೆಯನ್ನು ಸ್ವಚ್ಛ ಮಾಡಲು ಮೂರು ತಾಸು ಸಿಗುತ್ತದೆ. ನಾಲ್ಕಕ್ಕೆ ಖಾಲಿಯಾಗುವ ಕೋಣೆಗೆ ಮುಂದಿನ ಅತಿಥಿ ಆಗಲೇ ಕೆಳಗೆ ಸೂಟ್‌ಕೇಸ್ ಇಟ್ಟುಕೊಂಡು ಕೂತಿರುತ್ತಾನೆ, ಅವನೂ ಪ್ಲಾಟಿನಂ. ಹಾಸಿಗೆ ಬದಲಿಸುವ ಹೌಸ್‌ಕೀಪಿಂಗಿನವರ ಪಾಳಿ ಮುಗಿಯುವ ಹೊತ್ತೂ ಹೆಚ್ಚುಕಡಿಮೆ ಅದೇ.