ಓಪಿಯಾಯ್ಡ್ ನಿಲುಗಡೆ ಮತ್ತು ದೀರ್ಘಕಾಲದ ನೋವು

ಮೂರು ತಿಂಗಳು ಮೀರಿದರೂ ಮಾಯದ ನೋವು ದೀರ್ಘಕಾಲದ ನೋವು. ದುಡಿಮೆಯಿಂದಲೂ ಅದು ಬರುತ್ತದೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಇಲ್ಲಿ ಬುಡದೆಲೆಯಿಂದ ಶುರುವಾಗಿ ಬಗ್ಗಿ ಬಗ್ಗಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಹದಮಾಡುವ ಬ್ಯಾರನ್ನಿಗೆ ಏರಿಸುವ ದುಡಿಮೆಗೆ ಸೊಂಟ, ಮಂಡಿ ಸೋಲುತ್ತವೆ. ಇಂಥ ನೋವಿಗೆ ಬರೆದುಕೊಡುವ ಟ್ರಮಡಾಲ್ ಕೂಡ ಓಪಿಯಾಯ್ಡ್, ಅಂದರೆ ಅಫೀಮಿನ ಗುಣದ ನೋವುನಿವಾರಕ. 2018ರಲ್ಲಿ ಅದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿತು. ವೈದ್ಯರು ಅದನ್ನು ನಿಲ್ಲಿಸಲು ಆಧಾರವಿದೆ: ಬೆನ್ನು, ಮಂಡಿ, ಸೊಂಟದ ಕೀಲು ನೋವಿನವರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ವರ್ಷದ ಅಧ್ಯಯನದಲ್ಲಿ ಓಪಿಯಾಯ್ಡ್ ಇತರ ಔಷಧಗಳಿಗಿಂತ ಮೇಲಾಗಲಿಲ್ಲ. ಆದರೆ ತಟ್ಟನೆ ನಿಲ್ಲಿಸುವುದಕ್ಕೆ ಆ ಆಧಾರ ಸಾಲದು. ದಿನವೂ ಅದಕ್ಕೆ ಒಗ್ಗಿದ ದೇಹ ಬೆವರು, ಭೇದಿ, ನಿದ್ರಾಹೀನತೆ, ಇಮ್ಮಡಿ ನೋವಿನಿಂದ ತಿರುಗಿ ಬೀಳುತ್ತದೆ. ಆತ್ಮಹತ್ಯೆಯ ಯೋಚನೆಯೂ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ವರ್ಷಕ್ಕೂ ಹೆಚ್ಚು ಸೇವಿಸಿದವರಿಗೆ ಪ್ರಮಾಣದಲ್ಲಿ ತಿಂಗಳಿಗೆ ಶೇ. 10ರಷ್ಟು ಇಳಿಕೆ ಸಾಮಾನ್ಯವಾಗಿ ಸಹನೀಯ.

ಇಳಿಕೆ ನಿಧಾನವಾದರೆ ಚಟ ಬೆಳೆಯುತ್ತದೆಂಬ ಆಕ್ಷೇಪವಿದೆ. ಆದರೆ ದೇಹದ ಅವಲಂಬನೆಯೇ ಬೇರೆ, ಚಟವೇ ಬೇರೆ; ವೈದ್ಯರು ತಟ್ಟನೆ ಕೈಬಿಟ್ಟ ರೋಗಿಯೇ ಚೀಟಿಯಿಲ್ಲದ ಮಾತ್ರೆಗೆ, ಮದ್ಯಕ್ಕೆ ಹೊರಳುವ ಅಪಾಯ ಹೆಚ್ಚು. ಬದಲಿ ಚಿಕಿತ್ಸೆ ದುಬಾರಿಯೆಂಬುದೂ ಪೂರ್ತಿ ನಿಜವಲ್ಲ: ಫಿಸಿಯೋಥೆರಪಿಯಲ್ಲಿ ಕಲಿತ ವ್ಯಾಯಾಮವನ್ನು ಮನೆಯಲ್ಲೇ ಮುಂದುವರಿಸಬಹುದು, ನರದ ನೋವಿಗೆ ಅಗ್ಗದ ಅಮಿಟ್ರಿಪ್ಟಿಲಿನ್ ಇದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದೇ ನಿಜವಾದ ಕಷ್ಟ. ಹಾಗೆಂದು ನೋವಿನ ಮಾತ್ರೆ ಡೈಕ್ಲೋಫೆನಾಕ್ ಅನ್ನು ಮನಬಂದಂತೆ ನುಂಗಿದರೆ ಮೂತ್ರಪಿಂಡ ಕೆಡಬಹುದು. ಕ್ಯಾನ್ಸರಿನ ನೋವಿಗೆ ಈ ಕಡಿತದ ವಾದ ಹೊಂದದು. ಅಲ್ಲಿ ತೀವ್ರ ನೋವಿಗೆ ಮಾರ್ಫಿನ್ ಅಗತ್ಯ, ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿ ಅದರ ಪರವಾನಗಿಯನ್ನು ಸರಳಗೊಳಿಸಿದೆ.