ಹಾಜಿ ಅಲಿಯ ಗೋಡೆ, ಭಾಯಖಳಾದ ನೆಲ

ಮೊನ್ನೆ ಹುಬ್ಬಳ್ಳಿಯಿಂದ ಅಕ್ಕನ ಮಗ ಬಂದಿದ್ದ. ಹಾಜಿ ಅಲಿ ಹತ್ತಿರ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಾ ಕೇಳಿದ: "ಮಾಮಾ, ಸಮುದ್ರ ಏರಾಕತ್ತೈತಿ ಅಂತಾರಲ್ಲ, ಏರಿದ್ರ ಈ ದಂಡಿ ಅಷ್ಟ ಮುಳಗತೈತಿ, ಹೌದಿಲ್ಲೊ? ನಿಮ್ಮ ಭಾಯಖಳಾ ಮನಿ ಒಳಗ ಐತಿ, ನಿಮಗೇನ ಚಿಂತಿ?"

ಹೂಂ ಎಂದೆ. ಆದರೆ ನಾವು ಕೂತಿದ್ದ ಜಾಗದ ಕಥೆ ನನಗೆ ಗೊತ್ತಿತ್ತಲ್ಲ, ರಾತ್ರಿ ನಿದ್ದೆ ಬರಲಿಲ್ಲ.

ಮುಂಬಯಿ ಏಳು ದ್ವೀಪಗಳ ಊರು ಅಂತ ನಮಗೆಲ್ಲ ಗೊತ್ತು. ಆ ದ್ವೀಪಗಳ ನಡುವೆ ಏನಿತ್ತು ಎನ್ನುವುದು ಮರೆತುಹೋಗಿದೆ. ಮಹಾಲಕ್ಷ್ಮಿಗೂ ವರಳಿಗೂ ಮಧ್ಯೆ ದೊಡ್ಡ ಬಾಯಿ ಇತ್ತು. ಇಂಗ್ಲಿಷರು ಅದನ್ನು ಗ್ರೇಟ್ ಬ್ರೀಚ್ ಎನ್ನುತ್ತಿದ್ದರು. ಭರತ ಬಂದಾಗಲೆಲ್ಲ ಸಮುದ್ರ ಅದರಲ್ಲಿ ನುಗ್ಗಿ ಭಾಯಖಳಾ ಕಡೆಯವರೆಗೂ ಹರಡುತ್ತಿತ್ತು. ಆ ನೀರು ದಾಟಿ ಬಂದವರು ಕಾಲು ತೊಳೆಯುತ್ತಿದ್ದ ಜಾಗವೇ ಪಾಯಧುಣಿ ಎಂದು ಹೇಳುತ್ತಾರೆ. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, 1780ರ ದಶಕದ ಆರಂಭದಲ್ಲಿ, ಆ ಬಾಯಿಗೆ ಗೋಡೆ ಬಿತ್ತು. ಅದೇ ಹಾರ್ನ್‌ಬಿ ವೆಲ್ಲಾರ್ಡ್. ಲಂಡನ್ನಿನ ಕಂಪನಿ ನಿರ್ದೇಶಕರು ಖರ್ಚಿಗೆ ಬೇಡ ಎಂದರೂ ಆತ ಕಟ್ಟಿಸಿಯೇಬಿಟ್ಟ ಎಂಬ ಕಥೆಯಿದೆ. (ಸ್ಯಾಂಕ್ಷನ್ ಇಲ್ಲದೆ ಖರ್ಚು! ನಮ್ಮಲ್ಲಾದರೆ ಆಡಿಟ್‌ನವರು ಬಿಡುತ್ತಿರಲಿಲ್ಲ.) ಈಗ ಅದು ಲಾಲಾ ಲಜಪತರಾಯ್ ಮಾರ್ಗ.

ಗೋಡೆಯಿಂದ ನೀರೇನೋ ನಿಂತಿತು, ನೆಲ ಎತ್ತರವಾಗಲಿಲ್ಲ. ಆಮೇಲೆ ಮಣ್ಣು, ಕಸ ಸುರಿದು ಅಷ್ಟಿಷ್ಟು ತುಂಬಿದರು. ಚಾಳುಗಳೂ ಗಿರಣಿಗಳೂ ಬಂದವು. ಇವತ್ತಿಗೂ ಊರ ನಡುವೆ ತಗ್ಗು ತಗ್ಗೇ. ಪರೇಲಿನ ಹಿಂದಮಾತಾದಲ್ಲಿ ಮಳೆನೀರು ಹಿಡಿದಿಡಲು ನೆಲದಡಿ ಟ್ಯಾಂಕ್‌ಗಳನ್ನೇ ಕಟ್ಟಬೇಕಾಯಿತು.

ಸಮುದ್ರ ದಂಡೆ ಹಾರಿಯೇ ಒಳಗೆ ಬರಬೇಕೆಂದಿಲ್ಲ ಎನ್ನುವುದನ್ನು ನಾನು ಕಲಿತದ್ದು 26 ಜುಲೈ 2005ರಂದು. ಆಗ ಕುರ್ಲಾ ಶಾಖೆಯಲ್ಲಿದ್ದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ. ಅದೇ ಹೊತ್ತಿಗೆ ಭರತ. ಮೀಠಿ ನದಿಯ ನೀರು ಮಾಹಿಂ ಖಾಡಿಗೆ ಇಳಿಯಲಾಗದೆ ಹಿಂದಕ್ಕೆ ಒತ್ತಿ ನಮ್ಮ ಕೌಂಟರಿನ ಮೇಲೆ ಬಂತು. ಸಮುದ್ರ ಕಣ್ಣಿಗೂ ಕಾಣದ ಜಾಗ ಅದು! ಲೆಡ್ಜರುಗಳನ್ನು ಹೊತ್ತು ಮೇಲಿನ ಮಹಡಿಗೆ ಹೋಗಿ ರಾತ್ರಿಯೆಲ್ಲ ಕೂತಿದ್ದೆವು.

ಗಟಾರಗಳದ್ದೂ ಇದೇ ಲೆಕ್ಕ. ಸಮುದ್ರ ಇಳಿದಾಗ ಮಾತ್ರ ನೀರು ತಾನಾಗಿ ಹೊರಗೆ ಹೋಗುತ್ತದೆ. ಇಲ್ಲವಾದರೆ ಗೇಟು ಹಾಕಿ ಪಂಪು ಓಡಿಸಬೇಕು. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. ಇಂಗಾಲ ಹೀಗೇ ಹೆಚ್ಚುತ್ತಾ ಹೋದರೆ 2100ರ ಹೊತ್ತಿಗೆ ಇನ್ನೂ ಒಂದು ಮೀಟರಿನವರೆಗೆ ಏರಬಹುದು ಎನ್ನುತ್ತದೆ ಐಪಿಸಿಸಿಯ 2021ರ ವರದಿ. ಹಾಗಂತ ಸಮುದ್ರ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವುದಿಲ್ಲ, ಅಕ್ಕ ನಿಶ್ಚಿಂತೆಯಿಂದಿರಲಿ. ತಗ್ಗಿನಲ್ಲಿರುವ ನಮಗೆ ಮಾತ್ರ ಗಟಾರದ ನೀರು ಹೊರಗೆ ಬಿಡುವ ಹೊತ್ತು ವರ್ಷವರ್ಷಕ್ಕೂ ಕಮ್ಮಿಯಾಗುತ್ತದೆ.

ಎಷ್ಟೋ ಗೃಹಸಾಲಗಳಿಗೆ ಸಹಿ ಹಾಕಿದ್ದೇನೆ. 30 ವರ್ಷದ ಸರ್ಚ್ ರಿಪೋರ್ಟ್ ಕೇಳುತ್ತೇವೆ. 1780ರಲ್ಲಿ ಈ ಜಾಗ ಯಾರ ಸ್ವಾಧೀನದಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ನನ್ನದೇ ಗ್ರೌಂಡ್ ಫ್ಲೋರ್ ಮನೆ ಕೊಳ್ಳುವಾಗ ನಾನೂ ಕೇಳಲಿಲ್ಲ. ಇನ್ನು ನಾಲ್ಕು ಕಂತು ಬಾಕಿ. ಮೇಲಿನ ಮಹಡಿಯವರು ಮನೆ ಮಾರುತ್ತಾರಂತೆ. ಇವಳ ಹತ್ತಿರ ಇನ್ನೂ ಮಾತೆತ್ತಿಲ್ಲ.