ತಾಳೆಗರಿಯ ಗಣಿತ, ಗಗನದ ಕಕ್ಷೆ: ಕರಾವಳಿಯ ಎರಡು ಪರಂಪರೆಗಳು

ಪಣಂಬೂರಿನ ನವಮಂಗಳೂರು ಬಂದರನ್ನು ಪ್ರಧಾನಿ ಇಂದಿರಾ ಗಾಂಧಿಯವರು 1975ರ ಜನವರಿಯಲ್ಲಿ ಉದ್ಘಾಟಿಸಿದರು. ಅದೇ ವರ್ಷದ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸೋವಿಯತ್ ರಾಕೆಟ್ಟಿನ ನೆರವಿನಿಂದ ಕಕ್ಷೆಯನ್ನು ಸೇರಿತು. ಬೆಂಗಳೂರಿನ ಪೀಣ್ಯದಲ್ಲಿ ಅದನ್ನು ನಿರ್ಮಿಸಿದ ತಂಡದ ನಾಯಕರಾದ ಯು. ಆರ್. ರಾವ್ ಅವರು ಈ ಬಂದರಿನ ಉತ್ತರಕ್ಕಿರುವ, ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದವರು. ಅವರಿಗೆ ಸಂಶೋಧನೆಯಲ್ಲಿ ಗುರುವಾಗಿದ್ದ ವಿಕ್ರಮ್ ಸಾರಾಭಾಯಿ ಅಹಮದಾಬಾದಿನ ಜೈನ ಮನೆತನದವರು.

ಇದೇ ಕರಾವಳಿಯ ಒಳನಾಡಿನಲ್ಲಿ ಮೂಡುಬಿದಿರೆಯಿದೆ. ಷಟ್ಖಂಡಾಗಮಕ್ಕೆ ಆಚಾರ್ಯ ವೀರಸೇನರು ರಚಿಸಿದ ‘ಧವಲಾ’ ಟೀಕೆಯು ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದು ಬಂದದ್ದು ಇಲ್ಲಿಯೇ. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದು 1939ರಿಂದ ಮುದ್ರಣ ಕಂಡಾಗ, ಅದರೊಳಗಿನ ಗಣಿತ ವಿದ್ವಾಂಸರ ಗಮನ ಸೆಳೆಯಿತು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಅದರ ‘ಅರ್ಧಚ್ಛೇದ’. 32ಕ್ಕೆ ಅರ್ಧಚ್ಛೇದ 5. ಇಂದಿನ ಪರಿಭಾಷೆಯಲ್ಲಿ ಇದು ಎರಡನ್ನು ಆಧಾರವಾಗಿ ಉಳ್ಳ ಲಾಗರಿದಮ್. ಲೋಕದ ಅಪಾರ ಪ್ರಮಾಣಗಳನ್ನು ಬುದ್ಧಿಗೆ ನಿಲುಕಿಸಿಕೊಳ್ಳುವ ಅಗತ್ಯವೇ ಇಂಥ ಗಣಿತವನ್ನು ಬೆಳೆಸಿತು.

ಹಾಗೆಂದು ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆನ್ನುವುದು ಸತ್ಯಕ್ಕೂ ಪರಂಪರೆಗೂ ಬಗೆಯುವ ದ್ರೋಹ. ಜೈನ ಲೋಕವರ್ಣನೆಯಲ್ಲಿ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪಕ್ಕೆ 3,16,227 ಯೋಜನಕ್ಕೂ ತುಸು ಮಿಗಿಲಾದ ಪರಿಧಿಯನ್ನು ಹೇಳಲಾಗಿದೆ. ಹತ್ತರ ವರ್ಗಮೂಲವನ್ನು ವ್ಯಾಸಕ್ಕೆ ಗುಣಿಸಿ ಪಡೆದ ಈ ಮೊತ್ತ ನಿಜವಾದ ಪರಿಧಿಗಿಂತ ಎರಡು ಸಾವಿರ ಯೋಜನಗಳಷ್ಟು ಹೆಚ್ಚು. ಅದೇ ದ್ವೀಪಕ್ಕೆ ಇಬ್ಬರು ಸೂರ್ಯರನ್ನೂ ಇಬ್ಬರು ಚಂದ್ರರನ್ನೂ ಕಲ್ಪಿಸಲಾಗಿದೆ. ವೀಕ್ಷಣೆ ಇದನ್ನು ಒಪ್ಪುವುದಿಲ್ಲ. ಲೆಕ್ಕದ ಶಿಸ್ತನ್ನು ಗೌರವಿಸುತ್ತಲೇ ಫಲಿತವನ್ನು ತಿದ್ದಿಕೊಳ್ಳಬಹುದು. ತನ್ನ ನೋಟವೊಂದೇ ಪೂರ್ಣವಲ್ಲವೆಂದು ಕಲಿಸುವ ಅನೇಕಾಂತಕ್ಕೆ ಇದು ಅಪಚಾರವಲ್ಲ, ಅನುಸರಣೆ.

ಹಾಗಾದರೆ ಎರಡು ಪರಂಪರೆಗಳು ಕೂಡುವುದೆಲ್ಲಿ? ಶ್ರಾವಕರ ಸಾಮಾಯಿಕದ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಅಷ್ಟು ಹೊತ್ತು ರಾಗದ್ವೇಷಗಳನ್ನು ಬದಿಗಿರಿಸಿ ಸಮಭಾವದಲ್ಲಿ ನಿಲ್ಲಬೇಕು. ಆರ್ಯಭಟ ಭೂಮಿಯನ್ನು ಒಮ್ಮೆ ಸುತ್ತಲು ತೆಗೆದುಕೊಂಡದ್ದು ಸುಮಾರು 96 ನಿಮಿಷ, ಎರಡು ಮುಹೂರ್ತ. ಈ ಸಂಖ್ಯಾಸಾಮ್ಯ ಆಕಸ್ಮಿಕ. ಇದರಿಂದ ಯಾವುದನ್ನೂ ಸಾಧಿಸಿ ತೋರಿಸಲಾಗದು. ಆದರೆ ಮುಂದೆ ನಡೆದದ್ದು ವಿಚಾರಯೋಗ್ಯ. ವಿದ್ಯುತ್ ಪೂರೈಕೆಯ ದೋಷದಿಂದ ನಾಲ್ಕೇ ದಿನಗಳಲ್ಲಿ, ಸುಮಾರು 60 ಸುತ್ತುಗಳ ಬಳಿಕ, ಉಪಗ್ರಹದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ತಂಡ ಎದೆಗುಂದಲಿಲ್ಲ, ವೈಫಲ್ಯವನ್ನು ಮರೆಮಾಚಲೂ ಇಲ್ಲ. ಉಪಗ್ರಹವನ್ನು ಕಟ್ಟುವ, ನೆಲದಿಂದ ಅದನ್ನು ನಿಯಂತ್ರಿಸುವ ವಿದ್ಯೆ ಕೈಗೆ ಬಂದಿತ್ತು. 1979ರಲ್ಲಿ ‘ಭಾಸ್ಕರ’ ಮೇಲೇರಿತು. ಸೋಲನ್ನೂ ಗೆಲುವನ್ನೂ ಇದ್ದಂತೆ ಕಾಣುವ ಈ ಸ್ಥಿರಚಿತ್ತ ಪ್ರಯೋಗಶಾಲೆಗೆ ಎಷ್ಟು ಬೇಕೋ ಸಾಧಕನಿಗೂ ಅಷ್ಟೇ ಬೇಕು.

ಸಾಹಿತ್ಯದ ವಿದ್ಯಾರ್ಥಿಗಳು ಧವಲಾದಂತಹ ಕೃತಿಗಳನ್ನು ಧರ್ಮಗ್ರಂಥವೆಂದು ಕೈಮುಗಿದು ಬದಿಗಿಡುವುದೂ, ಅವುಗಳಲ್ಲಿ ರಾಕೆಟ್ಟನ್ನು ಹುಡುಕುವುದೂ ಸಲ್ಲದು. ಪ್ರಾಕೃತ ಬಲ್ಲವರೂ ಗಣಿತ ಬಲ್ಲವರೂ ಜೊತೆಗೂಡಿ ಕುಳಿತು ಓದಿದಾಗ ಮಾತ್ರ ಆ ಗರಿಗಳು ತಮ್ಮ ನಿಜವಾದ ಮಾತನ್ನು ಆಡಬಲ್ಲವು.